ಅನುಭವವಿಲ್ಲದವರ ಅರ್ಜಿ



ಅರಸೀಕೆರೆ ತಾಲ್ಲೂಕಿನ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷಗಳಾದವು. ಹಾಸನ, ಬೇಲೂರು, ತುಮಕೂರುಗಳಿಗೆ ಆಕೆ ಹಾಕಿದ ಅರ್ಜಿಗಳು ಹಲವು. ಬಂದ ಉತ್ತರಗಳು ಇಲ್ಲವೆನ್ನುವಷ್ಟು. ಪ್ರಕಟಣೆಗಳಲ್ಲಿ ‘ಅನುಭವವುಳ್ಳವರು ಬೇಕಾಗಿದ್ದಾರೆ’ ಎಂಬ ಸಾಲನ್ನು ಕಂಡಾಗಲೆಲ್ಲ ಹುಡುಗಿ ಕುಗ್ಗಿಹೋಗುತ್ತಾಳಂತೆ. ಈ ನಡುವೆ ಪರಿಚಿತರೊಬ್ಬರು, ತಮ್ಮ ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದಾಳೆಂದು ಒಂದು ಪ್ರಮಾಣಪತ್ರ ಕೊಡಲು ಮುಂದೆ ಬಂದಿದ್ದಾರೆ. ತಂದೆ ಒಪ್ಪಿದ್ದಾರೆ. ಮಗಳು ಒಪ್ಪಿಲ್ಲ. ಮನೆಯಲ್ಲಿ ತಂದೆ ಮಗಳ ನಡುವೆ ಮಾತು ನಿಂತಿದೆ. ‘ಸುಳ್ಳು ಬರೆಯದೆಯೂ ಓದಿದವರು ಕರೆದು ಮಾತನಾಡಿಸುವಂತೆ ಅರ್ಜಿಯ ಜೊತೆಗಿನ ಪತ್ರವನ್ನು ಬರೆಯಲು ಸಾಧ್ಯವೇ? ಇಲ್ಲವಾದರೆ ಎಲ್ಲರೂ ಮಾಡುವಂತೆ ನಾವೂ ಮಾಡುವುದರಲ್ಲಿ ತಪ್ಪೇನು?’ ಎಂದು ಆ ತಾಯಿ ಕೇಳುತ್ತಾರೆ. ಪತ್ರದ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದಾರೆ: ‘ತೋಟದ ಲೆಕ್ಕ, ಹೆಂಗಸರ ಸಂಘದ ಪುಸ್ತಕ ಬರೆದುಕೊಂಡು ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ.’

ಇದು ಒಂದು ಮನೆಯ ಪ್ರಶ್ನೆಯಲ್ಲ. ನಮ್ಮ ಸಮಾಜದ ಮನೆಮನೆಗಳಲ್ಲಿ ಮೊದಲ ತಲೆಮಾರಿನ ಪದವೀಧರರಿದ್ದಾರೆ. ಅಜ್ಜ ನೇಗಿಲು ಹಿಡಿದರು, ತಂದೆ ತೋಟ ಮಾಡಿದರು; ಮಕ್ಕಳು ಕಾಗದ ಹಿಡಿದು ಕಚೇರಿಗಳ ಬಾಗಿಲಿಗೆ ಹೋಗಬೇಕಾಗಿದೆ. ಆ ಬಾಗಿಲಲ್ಲಿ ಹೇಗೆ ಮಾತನಾಡಬೇಕೆಂಬುದನ್ನು ಅವರಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮೊದಲ ಪ್ರಶ್ನೆಗೆ ಉತ್ತರ, ಸಾಧ್ಯ. ಎರಡನೆಯದಕ್ಕೆ ಉತ್ತರ, ತಪ್ಪಿದೆ. ಆ ಹುಡುಗಿ ಹಿಡಿದ ದಾರಿಯೇ ಸರಿಯಾದುದು. ಅದು ಏಕೆ ಸರಿ, ಹೇಗೆ ಸಾಧ್ಯ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಅನುಭವವೆಂದರೇನು?

‘ಅನು’ ಎಂದರೆ ಹಿಂಬಾಲಿಸಿ. ‘ಭವ’ ಎಂದರೆ ಆಗುವುದು. ಒಂದು ಕ್ರಿಯೆಯನ್ನು ಹಿಂಬಾಲಿಸಿ ನಮ್ಮೊಳಗೆ ಆಗುವಂಥದ್ದು ಅನುಭವ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಗೋಷ್ಠಿಗೆ ಇದೇ ಮಾತನ್ನು ಮುಂದಿಟ್ಟುಕೊಂಡು ಅನುಭವ ಮಂಟಪವೆಂದು ಕರೆದರು. ಅಲ್ಲಿಗೆ ಬಂದವರಾರು? ಬಟ್ಟೆ ಮಡಿ ಮಾಡುತ್ತಿದ್ದ ಮಾಚಿದೇವರು, ದೋಣಿ ನಡೆಸುತ್ತಿದ್ದ ಚೌಡಯ್ಯನವರು, ಬಿದಿರು ಹೆಣೆಯುತ್ತಿದ್ದ ಕೇತಯ್ಯನವರು, ಹಗ್ಗ ಹೊಸೆಯುತ್ತಿದ್ದ ಚಂದಯ್ಯನವರು. ಅವರ ಹೆಸರುಗಳನ್ನು ಗಮನಿಸಿ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಕಾಯಕವು ಹೆಸರಿಗಿಂತ ಮುಂದೆ ನಿಂತಿದೆ. ಅವರಿಗೆ ಅನುಭವದ ಪ್ರಮಾಣಪತ್ರವನ್ನು ಯಾವ ಒಡೆಯನೂ ಬರೆದುಕೊಟ್ಟಿರಲಿಲ್ಲ. ಕೈಗಳು ಮಾಡಿದ ಕೆಲಸವೇ ಅವರ ಮಾತಿಗೆ ತೂಕವನ್ನು ತಂದುಕೊಟ್ಟಿತ್ತು.

ಬಸವಣ್ಣನವರ ಜೀವನವನ್ನೇ ನೋಡಬಹುದು. ಕೂಡಲಸಂಗಮದಲ್ಲಿ ವಿದ್ಯೆ ಕಲಿತು ಮಂಗಳವಾಡಕ್ಕೆ ಬಂದ ಅವರು ಬಿಜ್ಜಳನ ಆಡಳಿತದಲ್ಲಿ ಮೊದಲು ಕರಣಿಕರಾಗಿ ಸೇರಿ, ಮುಂದೆ ಭಂಡಾರಿಯ ಪದವಿಗೆ ಏರಿದರೆಂದು ಶರಣಚರಿತ್ರೆಗಳು ಹೇಳುತ್ತವೆ. ಭಂಡಾರಿಯಾಗುವುದಕ್ಕೆ ಮೊದಲು ಯಾರೂ ಭಂಡಾರಿಯಾಗಿರುವುದಿಲ್ಲ. ಪ್ರತಿಯೊಂದು ಹುದ್ದೆಗೂ ಒಂದು ಮೊದಲ ದಿನವಿದೆ. ಆ ದಿನ ಮನುಷ್ಯನು ತನ್ನೊಡನೆ ತರುವುದು ಹಿಂದಿನ ಹುದ್ದೆಯನ್ನಲ್ಲ. ಬೇರೆಡೆ ರೂಢಿಯಾದ ಬುದ್ಧಿಯನ್ನು, ಬೇರೆಡೆ ಶುದ್ಧವಾಗಿ ಉಳಿದ ಕೈಯನ್ನು.

ಈಗ ಆ ತಾಯಿಯ ಕೊನೆಯ ಸಾಲಿಗೆ ಬರೋಣ. ತೋಟದ ಲೆಕ್ಕ ಬರೆಯುವವಳು, ಸಂಘದ ಪುಸ್ತಕ ಬರೆಯುವವಳು ‘ಸುಮ್ಮನೆ ಕೂತಿದ್ದಾಳೆ’ ಎಂದರೆ ಹೇಗೆ? ಅಂಗಡಿಯವರು ಕೊಡಲು ಹೊರಟಿರುವುದು ಲೆಕ್ಕ ಬರೆದ ಸುಳ್ಳು ಅನುಭವ. ಮಗಳ ಕೈಯಲ್ಲಿರುವುದು ಲೆಕ್ಕ ಬರೆದ ನಿಜವಾದ ಅನುಭವ. ನಿಜವು ಮನೆಯಲ್ಲೇ ಇರುವಾಗ ಸುಳ್ಳನ್ನು ಹೊರಗಿನಿಂದ ತರುವುದೇಕೆ? ಸಂಬಳವಿಲ್ಲದ ಕೆಲಸವನ್ನು ಕೆಲಸವೆಂದೇ ಎಣಿಸದ ನಮ್ಮ ಹಳೆಯ ರೂಢಿ, ಅದರಲ್ಲೂ ಹೆಣ್ಣುಮಕ್ಕಳು ಮನೆಯಲ್ಲಿ ಮಾಡಿದ್ದನ್ನು ಲೆಕ್ಕಕ್ಕೇ ತಾರದ ರೂಢಿ, ಇಲ್ಲಿ ನಮ್ಮ ಕಣ್ಣಿಗೆ ಅಡ್ಡ ಬಂದಿದೆ.

ಲಕ್ಕಮ್ಮನವರ ಅಳತೆ

ಸುಳ್ಳು ಪ್ರಮಾಣಪತ್ರದ ವಿಚಾರದಲ್ಲಿ ನನಗೆ ನೆನಪಾಗುವವರು ಆಯ್ದಕ್ಕಿ ಲಕ್ಕಮ್ಮನವರು. ಅವರ ಪತಿ ಮಾರಯ್ಯನವರದು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ನಮಗೆ ಸಲ್ಲುವ ಅಳತೆಯನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಈ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆದರೆ ಅದು ಅಕ್ಕಿಗೆ ಮಾತ್ರ ಸಂಬಂಧಿಸಿದ ಕಥೆಯಲ್ಲ. ಮಾಡದ ಕೆಲಸವನ್ನು ಮಾಡಿದ್ದೇನೆಂದು ಬರೆಯುವುದು ನಮಗೆ ಸಲ್ಲದ ಅಕ್ಕಿಯನ್ನು ಮಡಿಲಿಗೆ ತುಂಬಿಕೊಂಡಂತೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮಗೆ ಸಲ್ಲುವ ಅಕ್ಕಿಯನ್ನೂ ಅಂಗಳದಲ್ಲಿ ಬಿಟ್ಟು ಬರುವುದು ವಿನಯವಲ್ಲ. ‘ನಾನು ಬಡವಿ, ನನಗೆ ಏನೂ ಗೊತ್ತಿಲ್ಲ, ದಯವಿಟ್ಟು ಒಂದು ಅವಕಾಶ ಕೊಡಿ’ ಎಂದು ಬೇಡುವ ಅರ್ಜಿಗಳನ್ನು ನಾನು ಬಹಳ ಕಂಡಿದ್ದೇನೆ. ಕಾಯಕವನ್ನು ನಂಬಿದವನು ಬೇಡುವುದಿಲ್ಲ. ತನ್ನ ಕೈಯಲ್ಲಿರುವುದನ್ನು ತೋರಿಸುತ್ತಾನೆ. ಅಳತೆಗಿಂತ ಹೆಚ್ಚು ಹೇಳಿದರೆ ಸುಳ್ಳು. ಅಳತೆಗಿಂತ ಕಡಿಮೆ ಹೇಳಿದರೆ ದೈನ್ಯ. ಅರ್ಜಿಯ ಪತ್ರವನ್ನು ಬರೆಯುವ ವಿದ್ಯೆಯೆಲ್ಲ ಈ ಎರಡರ ನಡುವೆ ಅಳತೆಯನ್ನು ಕಾಯ್ದುಕೊಳ್ಳುವುದರಲ್ಲಿದೆ.

ಧರ್ಮದ ಮಾತು ಹಾಗಿರಲಿ, ಲೋಕದ ಮಾತನ್ನೂ ಕೇಳಿ. 2014ರಿಂದ ಭವಿಷ್ಯನಿಧಿಯ ಸದಸ್ಯರಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆಯನ್ನು ಕೊಡಲಾಗುತ್ತಿದೆ. ಯಾವ ಸಂಸ್ಥೆಯಿಂದ ಎಂದಿನಿಂದ ಎಂದಿನವರೆಗೆ ನಿಧಿಗೆ ಹಣ ಸಂದಿದೆಯೆಂಬುದು ಅದರ ದಾಖಲೆಯಲ್ಲಿ ಸಿಗುತ್ತದೆ. ದೊಡ್ಡ ಸಂಸ್ಥೆಗಳು ಅದನ್ನು ಕೇಳಿ ನೋಡುತ್ತವೆ. ಚಿಕ್ಕವು ಹಿಂದಿನ ಒಡೆಯರಿಗೆ ದೂರವಾಣಿ ಮಾಡುತ್ತವೆ. ಸುಳ್ಳು ದಾಖಲೆಯನ್ನು ನಿಜವೆಂದು ಬಳಸುವುದು ಕಾನೂನಿನ ಕಣ್ಣಿನಲ್ಲಿ ಅಪರಾಧವೂ ಹೌದು. ಇವೆಲ್ಲವನ್ನೂ ದಾಟಿ ಕೆಲಸ ಸಿಕ್ಕಿತೆನ್ನೋಣ. ಎರಡು ವರ್ಷದ ಅನುಭವವಿದೆಯೆಂದು ನಂಬಿದವರು ಮೊದಲ ದಿನವೇ ಎರಡು ವರ್ಷದ ಕೆಲಸವನ್ನು ಮುಂದಿಡುತ್ತಾರೆ. ಗೊತ್ತಿಲ್ಲವೆಂದು ಕೇಳುವ ಬಾಯಿಯನ್ನು ಆ ಪ್ರಮಾಣಪತ್ರವೇ ಕಟ್ಟಿಹಾಕಿರುತ್ತದೆ. ಹೊಸಬರಿಗೆ ಇರುವ ಬಹು ದೊಡ್ಡ ಸೌಲಭ್ಯವೆಂದರೆ ಕೇಳಿ ಕಲಿಯುವುದು. ಸುಳ್ಳು ಮೊದಲು ಕಸಿದುಕೊಳ್ಳುವುದು ಅದನ್ನೇ.

ಕಲ್ಲಿನ ಮೇಲಿನ ಸಹಿ

ನಮ್ಮ ಸೀಮೆಯ ಗುಡಿಗಳೇ ಈ ವಿಷಯದಲ್ಲಿ ಒಳ್ಳೆಯ ಪಾಠಶಾಲೆಗಳು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಆ ವಿಗ್ರಹಗಳ ಪೀಠಗಳಲ್ಲಿ ಕೆಲವು ಕಡೆ ಶಿಲ್ಪಿಗಳು ತಮ್ಮ ಹೆಸರು, ಊರು, ಬಿರುದುಗಳನ್ನು ಕೊರೆದಿದ್ದಾರೆ. ಅವರಲ್ಲಿ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಇವರು ಬಳ್ಳಿಗಾವೆಯವರು, ಅಲ್ಲಮಪ್ರಭುಗಳ ಊರೆಂದು ನಾವು ನೆನೆಯುವ ಅದೇ ಬಳ್ಳಿಗಾವೆ.

ಶಿಲ್ಪಿಗಳ ಬಿರುದುಗಳಲ್ಲಿ ಆತ್ಮಪ್ರಶಂಸೆಗೆ ಕೊರತೆಯಿಲ್ಲ. ಆದರೂ ಅವು ನಮಗೆ ಜಂಬವಾಗಿ ಕಾಣುವುದಿಲ್ಲ. ಏಕೆಂದರೆ ಮಾತು ಕೆಳಗಿದೆ, ಅದಕ್ಕೆ ಸಾಕ್ಷಿ ಮೇಲೆ ನಿಂತಿದೆ. ಓದಿದವನು ತಲೆಯೆತ್ತಿದರೆ ಸಾಕು. ಅರ್ಜಿಯಲ್ಲಿಯೂ ಹೀಗೆಯೇ. ‘ನಾನು ಶ್ರಮಜೀವಿ, ಪ್ರಾಮಾಣಿಕಳು, ಶಿಸ್ತಿನವಳು’ ಎಂದು ಬರೆಯುವುದು ವಿಗ್ರಹವಿಲ್ಲದ ಪೀಠದಲ್ಲಿ ಬಿರುದನ್ನು ಕೊರೆದಂತೆ. ‘ಎರಡು ವರ್ಷ ಸಂಘದ ಸಾಲದ ಲೆಕ್ಕ ಬರೆದಿದ್ದೇನೆ, ತಪಾಸಣೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಬರಲಿಲ್ಲ’ ಎಂದು ಬರೆದರೆ ಪೀಠದ ಮೇಲೆ ವಿಗ್ರಹವನ್ನು ನಿಲ್ಲಿಸಿದಂತಾಯಿತು. ಆಗ ಪ್ರಾಮಾಣಿಕಳೆಂಬ ಬಿರುದನ್ನು ಓದಿದವರೇ ಕೊಡುತ್ತಾರೆ.

ಇನ್ನೊಬ್ಬ ಶಿಲ್ಪಿಯ ಕಥೆ ಹೊಸಬರಿಗೆ ಧೈರ್ಯ ಕೊಡತಕ್ಕದ್ದು. ರೂವಾರಿ ಮಲ್ಲಿತಮ್ಮನು ತನ್ನ ವೃತ್ತಿಯನ್ನು ತರೀಕೆರೆ ಬಳಿಯ ಅಮೃತಾಪುರದ 1196ರ ದೇವಾಲಯದಲ್ಲಿ ಮಂಟಪದ ಒಳಛಾವಣಿಯ ಕೆತ್ತನೆಗಳಿಂದ ಆರಂಭಿಸಿದನೆಂದು ಶಿಲ್ಪಕಲೆಯ ಇತಿಹಾಸಕಾರರು ಗುರುತಿಸಿದ್ದಾರೆ. 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಿ, ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ, ಕಡೆಗೆ ಸೋಮನಾಥಪುರದಲ್ಲಿ ಅವನ ಕೈ ಕಾಣುತ್ತದೆ. ಅರ್ಧ ಶತಮಾನಕ್ಕೂ ಮಿಕ್ಕಿದ ಕಾಯಕ. ಸೋಮನಾಥಪುರದ ಪ್ರಮುಖ ಶಿಲ್ಪಿಯೂ ಒಂದು ಕಾಲಕ್ಕೆ ಒಳಛಾವಣಿಯ ಕೆಲಸದ ಹೊಸಬನಾಗಿದ್ದನು. ಆ ಮೊದಲ ಕೆಲಸವನ್ನು ಚೆನ್ನಾಗಿ ಮಾಡಿದುದೇ ಮುಂದಿನ ಗುಡಿಗೆ ಅವನ ಅರ್ಜಿಯಾಯಿತು.

ಒಬ್ಬ ಗುಮಾಸ್ತನ ಪತ್ರ

ಶಿಲ್ಪಿಗೆ ಕಲ್ಲು ಸಾಕ್ಷಿ. ಬರಿಯ ಕಾಗದದ ಮೇಲೆ ಇದೆಲ್ಲ ಹೇಗೆ ಸಾಧ್ಯವೆಂದು ಕೇಳುವವರಿಗೆ ಒಂದು ನಿಜವಾದ ಅರ್ಜಿಯ ಕಥೆಯನ್ನು ಹೇಳುತ್ತೇನೆ. 1912ರ ಫೆಬ್ರುವರಿ 9ರಂದು ಮದರಾಸಿನ ತರುಣನೊಬ್ಬನು ಅಲ್ಲಿನ ಬಂದರು ಮಂಡಳಿಯ ಲೆಕ್ಕಪತ್ರ ಶಾಖೆಗೆ ಗುಮಾಸ್ತೆ ಕೆಲಸ ಕೇಳಿ ಪತ್ರ ಬರೆದನು. ಅವನು ಮೆಟ್ರಿಕ್ಯುಲೇಷನ್ ಮುಗಿಸಿದ್ದನು, ಎಫ್.ಎ. ಓದಿ ತೇರ್ಗಡೆಯಾಗಿರಲಿಲ್ಲ. ಮತ್ತೊಂದು ಕಚೇರಿಯಲ್ಲಿ ಕೆಲವು ದಿನ ತಾತ್ಕಾಲಿಕವಾಗಿ ದುಡಿದುದನ್ನು ಬಿಟ್ಟರೆ ಉದ್ಯೋಗದ ಅನುಭವವಿರಲಿಲ್ಲ. ಪತ್ರ ಬಹಳ ಚಿಕ್ಕದು. ತನ್ನ ಓದು ಎಲ್ಲಿಯವರೆಗೆ, ಅದು ನಡುವೆ ನಿಂತುದು ಹೇಗೆ, ಆ ಮೇಲೆ ತನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟುದು, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಒದಗಿಸಬಲ್ಲೆನೆಂಬ ಭರವಸೆ: ಇಷ್ಟೇ ಅದರ ಸಾರ. ಮಾರ್ಚಿ 1ರಂದು ಅವನು ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಕೆಲಸಕ್ಕೆ ಸೇರಿದನು. ಆ ತರುಣನೇ ಮುಂದೆ ಜಗತ್ತು ಕೊಂಡಾಡಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್.

ಈ ಪತ್ರದಲ್ಲಿ ನಾವು ಕಲಿಯಬೇಕಾದುದು ಮೂರು. ಒಂದು, ಕೊರತೆಯನ್ನು ಮುಚ್ಚಿಡಲಿಲ್ಲ. ಅದರ ಮೇಲೆ ಅಳುತ್ತ ನಿಲ್ಲಲೂ ಇಲ್ಲ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ನಡೆದನು. ಎರಡು, ಕೊರತೆಯ ಪಕ್ಕದಲ್ಲಿಯೇ ತನ್ನ ಬಲವನ್ನು ಇಟ್ಟನು. ಲೆಕ್ಕದ ಶಾಖೆಗೆ ಬರುವವನು ಗಣಿತದಲ್ಲಿ ಮುಳುಗಿದವನೆಂಬುದು ಸಂಬಂಧಪಟ್ಟ ಮಾತೇ. ಮೂರು, ಪತ್ರದ ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರಾಗಿದ್ದ ಮಿಡಲ್‌ಮಾಸ್ಟರ ಶಿಫಾರಸನ್ನು ಲಗತ್ತಿಸಿದನು. ಗಣಿತದ ಯೋಗ್ಯತೆಗೆ ಗಣಿತವನ್ನು ಬಲ್ಲವರ ಸಾಕ್ಷಿ.

ಶಿಫಾರಸಿನ ಮಾತು

ಈ ಮೂರನೆಯ ಅಂಶವನ್ನು ಕುರಿತು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಮಠಗಳಿಗೆ ಶಿಫಾರಸು ಪತ್ರ ಕೇಳಿ ಬರುವ ಭಕ್ತರು ಅನೇಕರು. ‘ಬುದ್ಧಿ, ತಾವು ಒಂದು ಮಾತು ಬರೆದುಕೊಟ್ಟರೆ ಮಗನಿಗೆ ಕೆಲಸವಾಗುತ್ತದೆ’ ಎನ್ನುತ್ತಾರೆ. ಮಠದಲ್ಲಿ ಓದಿ ಬೆಳೆದ ನಾನು ಮಠದ ಗೌರವಕ್ಕಾಗಿಯೇ ಈ ಮಾತನ್ನು ಬರೆಯುತ್ತಿದ್ದೇನೆ: ಹುಡುಗನ ಕೆಲಸವನ್ನು ಕಣ್ಣಾರೆ ಕಾಣದ ಗುರುಗಳಿಂದ ತಂದ ಪತ್ರವು ಪ್ರಭಾವವನ್ನು ತೋರಿಸುತ್ತದೆಯೇ ಹೊರತು ಯೋಗ್ಯತೆಯನ್ನಲ್ಲ. ಅದನ್ನು ಓದಿದವರು ಮುಲಾಜಿಗೆ ಬಿದ್ದು ಕೆಲಸ ಕೊಟ್ಟರೆ ಅದೇ ಹುದ್ದೆಗೆ ತಕ್ಕ ಮತ್ತೊಬ್ಬ ಬಡವರ ಮಗನ ಅನ್ನವನ್ನು ತೆಗೆದಂತಾಯಿತು.

ಅದೇ ಹುಡುಗನು ಮಠದ ಪ್ರಸಾದನಿಲಯದಲ್ಲಿದ್ದು ದಾಸೋಹದ ಉಗ್ರಾಣವನ್ನು ನೋಡಿಕೊಂಡಿದ್ದರೆ ಮಾತು ಬೇರೆ. ದಿನಕ್ಕೆ ಎಷ್ಟು ಅಕ್ಕಿ ಇಳಿಯಿತು, ಎಷ್ಟು ಬೇಳೆ ಬೆಂದಿತು, ಜಾತ್ರೆಯ ದಿನ ಎಷ್ಟು ಪಂಕ್ತಿ ಊಟಕ್ಕೆ ಕುಳಿತಿತು, ಮಿಕ್ಕ ದವಸಕ್ಕೆ ಯಾವ ಲೆಕ್ಕ ಎಂಬುದನ್ನು ಬರೆದಿಟ್ಟವನಿಗೆ ಮಠದ ಉಗ್ರಾಣದ ಮೇಲ್ವಿಚಾರಕರು ಕೊಡುವ ಪತ್ರವೇ ಬೇರೆ. ತುಮಕೂರಿನ ಸಿದ್ಧಗಂಗೆಯಂತಹ ಕಡೆ ಸಾವಿರಾರು ಮಕ್ಕಳ ನಿತ್ಯದಾಸೋಹ ನಡೆಯುತ್ತದೆ. ಅಂತಹ ಕಡೆ ಸೇವೆ ಮಾಡಿದವನು ಗೋದಾಮಿನ ಕೆಲಸಕ್ಕೋ ಹೋಟೆಲಿನ ಉಗ್ರಾಣಕ್ಕೋ ಅರ್ಜಿ ಹಾಕುವಾಗ ತನಗೆ ಅನುಭವವಿಲ್ಲವೆಂದು ಏಕೆ ಬರೆಯಬೇಕು? ಆದ್ದರಿಂದ ಶಿಫಾರಸನ್ನು ದೊಡ್ಡ ಹೆಸರಿನವರಿಂದ ತರಬೇಡಿ. ನಿಮ್ಮ ಕೆಲಸವನ್ನು ಕಂಡವರಿಂದ ತನ್ನಿ. ಹಾಲಿನ ಸಂಘದ ಕಾರ್ಯದರ್ಶಿ, ಪಾಠ ಹೇಳಿದ ಉಪನ್ಯಾಸಕರು, ಸ್ವಸಹಾಯ ಸಂಘದ ಅಧ್ಯಕ್ಷೆ, ಇವರು ಬರೆದ ನಾಲ್ಕು ಸಾಲು ಸಾಕು.

ಪತ್ರ ಬರೆಯುವ ಬಗೆ

ಸರಕಾರಿ ಹುದ್ದೆಗಳಿಗೆ ಮತ್ತು ಬ್ಯಾಂಕಿನ ಪರೀಕ್ಷೆಗಳಿಗೆ ಗೊತ್ತಾದ ನಮೂನೆಗಳಿವೆ. ಅಲ್ಲಿ ಈ ಪತ್ರಕ್ಕೆ ಎಡೆಯಿಲ್ಲ. ಖಾಸಗಿ ಸಂಸ್ಥೆ, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ವಸತಿಗೃಹ ಮುಂತಾದ ಕಡೆಗಳಲ್ಲಿ ಬಯೋಡೇಟಾದ ಜೊತೆಗೆ ಇಡುವ ಪತ್ರವನ್ನು ಕುರಿತು ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಬಯೋಡೇಟಾ ನಿಮ್ಮ ಓದು, ವಯಸ್ಸು, ವಿಳಾಸಗಳನ್ನು ಹೇಳುತ್ತದೆ; ಈ ಕೆಲಸಕ್ಕೆ ನೀವು ಏಕೆ ತಕ್ಕವರೆಂಬುದನ್ನು ಪತ್ರ ಹೇಳಬೇಕು.

ಬರೆಯುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಪ್ರಕಟಣೆಯನ್ನು ನಿಧಾನವಾಗಿ ಓದಿ, ಆ ಹುದ್ದೆಯವರು ದಿನವೂ ಮಾಡಬೇಕಾದ ಕೆಲಸಗಳನ್ನು ಎಡಕ್ಕೆ ಒಂದೊಂದಾಗಿ ಬರೆಯಿರಿ. ಬಲಕ್ಕೆ ಅಂತಹ ಕೆಲಸವನ್ನು ನೀವು ಎಲ್ಲಿ, ಎಷ್ಟು ಕಾಲ, ಯಾರ ಕಣ್ಣೆದುರಿಗೆ ಮಾಡಿದ್ದೀರಿ ಎಂಬುದನ್ನು ಬರೆಯಿರಿ. ಸಂಬಳ ಬಂದಿತ್ತೇ ಎಂದು ನೋಡಬೇಡಿ. ಕೊಬ್ಬರಿ ಮಂಡಿಯಲ್ಲಿ ತಂದೆಯ ಜೊತೆ ನಿಂತು ತೂಕ ನೋಡಿದ್ದು, ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆದು ಬರೆದದ್ದು, ಕಾಲೇಜಿನ ಎನ್.ಎಸ್.ಎಸ್. ಶಿಬಿರದಲ್ಲಿ ಅಡುಗೆಯ ಖರ್ಚು ನಿಭಾಯಿಸಿದ್ದು, ನೆರೆಮನೆಯ ಮಕ್ಕಳಿಗೆ ಪಾಠ ಹೇಳಿದ್ದು, ಎಲ್ಲವೂ ಬರಲಿ. ಬಲಗಡೆ ಖಾಲಿ ಉಳಿದ ಸಾಲುಗಳೇ ನಿಮ್ಮ ನಿಜವಾದ ಕೊರತೆ. ಬಹಳ ಮಂದಿಗೆ ಅದು ತಾವು ಹೆದರಿದ್ದಕ್ಕಿಂತ ಚಿಕ್ಕದಾಗಿರುತ್ತದೆ. ಮುಕ್ಕಾಲು ಪಾಲು ಸಾಲುಗಳು ಖಾಲಿಯಿದ್ದರೆ ಆ ಹುದ್ದೆ ಸದ್ಯಕ್ಕೆ ನಿಮ್ಮದಲ್ಲ. ಅದನ್ನೂ ಹಾಳೆ ನಿಮಗೆ ಪ್ರಾಮಾಣಿಕವಾಗಿ ಹೇಳುತ್ತದೆ. ಅಂಥವರು ಅಪ್ರೆಂಟಿಸ್ ತರಬೇತಿಯನ್ನು ಯೋಚಿಸಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಭತ್ಯೆ ಪಡೆಯುತ್ತ ಕೆಲಸ ಕಲಿತರೆ ಕೊನೆಗೆ ಸಿಗುವ ಪ್ರಮಾಣಪತ್ರ ನಿಜವಾದುದಾಗಿರುತ್ತದೆ.

ಪತ್ರ ಒಂದು ಪುಟವನ್ನು ಮೀರಬಾರದು. ನಾಲ್ಕು ಚಿಕ್ಕ ಭಾಗಗಳು ಸಾಕು. ಯಾವ ಹುದ್ದೆ, ಅದು ಹೇಗೆ ತಿಳಿಯಿತು ಎಂಬುದು ಮೊದಲನೆಯದು. ಹುದ್ದೆಗೆ ಒದಗುವ, ನೀವು ಮಾಡಿದ ಎರಡು ಮೂರು ಕೆಲಸಗಳು ಎರಡನೆಯದು. ಯಾವುದು ಹೊಸದು, ಅದನ್ನು ಕಲಿಯಲು ಈಗಾಗಲೇ ಏನು ಮಾಡಿದ್ದೀರಿ ಎಂಬುದು ಮೂರನೆಯದು. ಎಂದು ಬಂದು ಕಾಣಬಲ್ಲಿರಿ ಎಂಬುದು ನಾಲ್ಕನೆಯದು. ಆ ಹುಡುಗಿಗೆ ಬೇಲೂರಿನ ಒಂದು ವಸತಿಗೃಹದಲ್ಲಿ ಲೆಕ್ಕ ಬರೆದು ಅತಿಥಿಗಳನ್ನೂ ನೋಡಿಕೊಳ್ಳುವ ಕೆಲಸಕ್ಕೆ ಪತ್ರ ಬರೆಯಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಪತ್ರ ಹೀಗಿರಬಹುದು:

‘ಮಾನ್ಯರೇ,

ತಮ್ಮ ವಸತಿಗೃಹದಲ್ಲಿ ಲೆಕ್ಕ ಬರೆಯುವ ಮತ್ತು ಅತಿಥಿಗಳನ್ನು ನೋಡಿಕೊಳ್ಳುವ ಸಹಾಯಕರು ಬೇಕಾಗಿರುವುದನ್ನು ಪತ್ರಿಕೆಯಲ್ಲಿ ನೋಡಿ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ನಾನು ಬಿ.ಕಾಂ. ಪದವೀಧರೆ.

ನಮ್ಮದು ತೆಂಗಿನ ತೋಟದ ಮನೆ. ನಾಲ್ಕು ವರ್ಷಗಳಿಂದ ತೋಟದ ಕಿರ್ದಿ ಮತ್ತು ಖಾತೆಗಳನ್ನು ನಾನೇ ಬರೆಯುತ್ತಿದ್ದೇನೆ. ಕೊಬ್ಬರಿ ಮಾರಿದ ದಿನದ ತೂಕ, ದರ, ಕೂಲಿ, ಬಾಡಿಗೆ, ಕೈಗೆ ಬಂದ ಹಣ ಇವುಗಳನ್ನು ಅಂದೇ ಬರೆದು ತಿಂಗಳ ಕೊನೆಗೆ ಬ್ಯಾಂಕಿನ ಪುಸ್ತಕದೊಡನೆ ತಾಳೆ ನೋಡುತ್ತೇನೆ. ನಮ್ಮೂರಿನ ಮಹಿಳಾ ಸ್ವಸಹಾಯ ಸಂಘದಲ್ಲಿ 15 ಮಂದಿ ಸದಸ್ಯೆಯರಿದ್ದಾರೆ. ಅದರ ನಡಾವಳಿ ಪುಸ್ತಕವನ್ನೂ ಸಾಲದ ಲೆಕ್ಕವನ್ನೂ ಎರಡು ವರ್ಷಗಳಿಂದ ಬರೆಯುತ್ತಿದ್ದೇನೆ. ಸಂಘದ ಅಧ್ಯಕ್ಷೆಯವರ ಪತ್ರವನ್ನು ಲಗತ್ತಿಸಿದ್ದೇನೆ.

ವಸತಿಗೃಹದಲ್ಲಿ ನಾನು ಇದುವರೆಗೆ ಕೆಲಸ ಮಾಡಿಲ್ಲ. ಕೊಠಡಿಗಳನ್ನು ಕಾದಿರಿಸುವ ಕ್ರಮ ನನಗೆ ಹೊಸದು. ಟ್ಯಾಲಿ ತರಬೇತಿಯನ್ನು ಮೂರು ತಿಂಗಳು ಪಡೆದಿದ್ದೇನೆ. ಅತಿಥಿಗಳೊಡನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಸರಳವಾಗಿ ಮಾತನಾಡಬಲ್ಲೆ.

ತಾವು ತಿಳಿಸಿದ ದಿನ ನಾನು ಬರೆದ ಲೆಕ್ಕದ ಪುಸ್ತಕಗಳೊಡನೆ ಬಂದು ಕಾಣುತ್ತೇನೆ. ಪರೀಕ್ಷೆಗಾಗಿ ಒಂದು ದಿನದ ಲೆಕ್ಕವನ್ನು ಕೊಟ್ಟರೆ ತಮ್ಮೆದುರಿನಲ್ಲೇ ಬರೆದು ತೋರಿಸಬಲ್ಲೆ.

ಇಂತಿ ತಮ್ಮ ವಿಶ್ವಾಸಿ’

ಇದು ಮಾದರಿಯಷ್ಟೆ. ವರ್ಷಗಳೂ ಅಂಕಿಗಳೂ ನಿಮ್ಮವೇ ಆಗಿರಬೇಕು. ಇದನ್ನೇ ನಕಲು ಮಾಡಿದರೆ ಅದೂ ಮತ್ತೊಂದು ಸುಳ್ಳು ಪ್ರಮಾಣಪತ್ರವೇ. ಪತ್ರದಲ್ಲಿ ‘ಅನುಭವವಿಲ್ಲ’ ಎಂಬ ಮಾತು ಎಲ್ಲಿದೆ ನೋಡಿ. ಮೊದಲ ಸಾಲಿನಲ್ಲಿಲ್ಲ, ಕೊನೆಯ ಸಾಲಿನಲ್ಲೂ ಇಲ್ಲ. ಮಾಡಿದ ಕೆಲಸ ಮತ್ತು ಕಲಿಯುತ್ತಿರುವ ಕೆಲಸಗಳ ನಡುವೆ ಒಮ್ಮೆ ಬಂದು ಹೋಗಿದೆ. ಕ್ಷಮೆಯ ಮಾತಿಲ್ಲ, ಬೇಡಿಕೆಯ ದೀನತೆಯೂ ಇಲ್ಲ. ಕೊನೆಯ ಭಾಗವು ಕೆಲಸ ಕೊಡುವವರಿಗೆ ಪರೀಕ್ಷಿಸುವ ದಾರಿಯನ್ನು ತೋರಿಸಿದೆ. ನಮ್ಮ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಯಾಗಿ ಬಿಟ್ಟುಕೊಂಡಿದೆಯೇ ಎಂದು ನೋಡುವುದುಂಟು. ನಿಜ ಬರೆದವಳು ಅಲ್ಲಾಡಿಸಿ ನೋಡಿ ಎಂದು ಧೈರ್ಯವಾಗಿ ಹೇಳಬಲ್ಲಳು.

ಇನ್ನು ಕೆಲವು ಚಿಕ್ಕ ಮಾತುಗಳು. ಪತ್ರವನ್ನು ಇಂಗ್ಲಿಷಿನಲ್ಲಿ ಕಳುಹಿಸಬೇಕಾಗಿದ್ದರೂ ಮೊದಲು ಕನ್ನಡದಲ್ಲಿ ಬರೆಯಿರಿ. ಹೇಳಬೇಕಾದುದು ತಾಯ್ನುಡಿಯಲ್ಲಿ ಸ್ಪಷ್ಟವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸುವುದು ಕಷ್ಟವಲ್ಲ. ಎಲ್ಲಿಂದಲೋ ತಂದ ದೊಡ್ಡ ಇಂಗ್ಲಿಷ್ ಪದಗಳು ಸಂದರ್ಶನದಲ್ಲಿ ನಿಮ್ಮನ್ನೇ ಸಿಕ್ಕಿಸುತ್ತವೆ. ಒಂದೇ ಪತ್ರವನ್ನು ಹತ್ತು ಕಡೆಗೆ ಕಳುಹಿಸಬೇಡಿ. ಎರಡನೆಯ ಭಾಗವನ್ನು ಪ್ರತಿಯೊಂದು ಹುದ್ದೆಗೂ ಹೊಸದಾಗಿ ಬರೆಯಿರಿ. ಕಳುಹಿಸುವ ಮೊದಲು ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಉತ್ಪ್ರೇಕ್ಷೆಯಿದ್ದರೆ ನಿಮ್ಮ ನಾಲಿಗೆಯೇ ಅಲ್ಲಿ ತಡವರಿಸುತ್ತದೆ. ಕೆಲಸ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಮಕ್ಕಳು ದೊಡ್ಡವರಾದ ಮೇಲೆ ಕೆಲಸಕ್ಕೆ ಹೋಗಬಯಸುವ ಗೃಹಿಣಿಯರಿಗೂ ಇದೇ ಮಾರ್ಗ ಅನ್ವಯಿಸುತ್ತದೆ. ‘ಇಪ್ಪತ್ತು ವರ್ಷಗಳ ಗೃಹ ನಿರ್ವಹಣೆ’ ಎಂಬ ದೊಡ್ಡ ಮಾತು ಬೇಡ. ಹೊಲಿಗೆಯಿಂದ ವರ್ಷಕ್ಕೆ ಎಷ್ಟು ಗಳಿಸಿದಿರಿ, ರೋಗಿಯಾಗಿದ್ದ ಅತ್ತೆಯವರಿಗೆ ಎಷ್ಟು ಕಾಲ ವೈದ್ಯರ ಸೂಚನೆಯಂತೆ ಹೊತ್ತುಹೊತ್ತಿಗೆ ಔಷಧಿ ಕೊಟ್ಟು ನೋಡಿಕೊಂಡಿರಿ ಎಂದು ಬರೆಯಿರಿ. ಆಸ್ಪತ್ರೆಯವರಿಗೆ, ಬಟ್ಟೆ ಕಾರ್ಖಾನೆಯವರಿಗೆ ಅದು ಅರ್ಥವಾಗುವ ಭಾಷೆ.

ಇಷ್ಟೆಲ್ಲ ಮಾಡಿದರೆ ಕೆಲಸ ಸಿಕ್ಕೇ ಸಿಗುತ್ತದೆಯೇ? ಹಾಗೆಂದು ಮಾತು ಕೊಡಲಾರೆ. ಒಂದು ಹುದ್ದೆಗೆ ನೂರು ಅರ್ಜಿ ಬರುವ ಕಾಲವಿದು. ಒಳ್ಳೆಯ ಪತ್ರಕ್ಕೂ ಉತ್ತರ ಬಾರದೆ ಹೋಗಬಹುದು. ಆದರೆ ನಿಜ ಬರೆದ ಪತ್ರಕ್ಕೆ ಒಂದು ಗುಣವಿದೆ. ಅದು ತಿರಸ್ಕೃತವಾದರೂ ಬರೆದವರನ್ನು ಚಿಕ್ಕವರನ್ನಾಗಿ ಮಾಡುವುದಿಲ್ಲ; ಮುಂದಿನ ಪತ್ರಕ್ಕೆ ಅದೇ ಬಂಡವಾಳವಾಗುತ್ತದೆ.

ಕೊನೆಗೆ ತಂದೆಯವರಿಗೆ ಒಂದು ಮಾತು. ಮಗಳ ಮೇಲಿನ ಕಾಳಜಿಯಿಂದಲೇ ನೀವು ಆ ಪ್ರಮಾಣಪತ್ರಕ್ಕೆ ಒಪ್ಪಿದಿರಿ. ಅದನ್ನು ನಾನು ಬಲ್ಲೆ. ಆದರೆ ಎರಡು ವರ್ಷ ಕೆಲಸವಿಲ್ಲದೆ ನೊಂದರೂ ಸುಲಭದ ಸುಳ್ಳನ್ನು ಒಲ್ಲೆನೆಂದ ಮಗಳು ನಿಮ್ಮ ಮನೆಯಲ್ಲಿದ್ದಾಳೆ. ಲೆಕ್ಕದ ಮನೆಗಳು ಹುಡುಕುವುದು ಅಂಥವರನ್ನೇ. ನೀವಾಗಿಯೇ ಮಾತು ತೆಗೆಯಿರಿ. ಅವಳ ಪಕ್ಕದಲ್ಲಿ ಕುಳಿತು ತೋಟದ ಲೆಕ್ಕವನ್ನು ಯಾವ ವರ್ಷದಿಂದ ಅವಳು ಬರೆಯುತ್ತಿದ್ದಾಳೆ, ಅವಳು ಹಿಡಿದುಕೊಟ್ಟ ತಪ್ಪುಗಳಿಂದ ನಿಮಗೆ ಎಷ್ಟು ಹಣ ಉಳಿಯಿತು ಎಂಬುದನ್ನು ನೀವೇ ನೆನಪು ಮಾಡಿ ಹೇಳಿ. ಅದನ್ನು ಅವಳು ಪತ್ರದಲ್ಲಿ ಬರೆದುಕೊಳ್ಳಲಿ.